ಟೆಂಟಿನ ಬೀದಿಯಲ್ಲಿ ಕುಡಿದ ನೀರು

ಗೌರಮ್ಮ ನೀರಿನ ಲೋಟವನ್ನು ಬುಡ ಹಿಡಿದು ಕೊಡುತ್ತಿದ್ದರು. ಆ ಬೀದಿಯ ಬೇರೆ ಹೋಟೆಲುಗಳಲ್ಲಿ ಮಾಣಿಗಳು ಒಂದೊಂದು ಲೋಟಕ್ಕೆ ಒಂದೊಂದು ಬೆರಳು ಅದ್ದಿ, ಎಲ್ಲವನ್ನೂ ಗೊಂಚಲಿನಂತೆ ಎತ್ತಿಕೊಂಡು ಬರುತ್ತಿದ್ದರು. ಗೌರಮ್ಮ ಬುಡವನ್ನು ಎಡ ಅಂಗೈ ಮೇಲೆ ಇಟ್ಟು, ಬಲಗೈಯನ್ನು ಹೊರಮೈಗೆ ಆನಿಸಿ, ತುಟಿ ತಾಗುವ ಅಂಚಿಗೆ ಏನೂ ಸೋಕದಂತೆ ಮೇಜಿನ ಮೇಲೆ ಇಡುವರು. ಕೊಳ್ಳೇಗಾಲಕ್ಕೆ ಹೋದ ಮೊದಲ ವಾರವೇ ನಾನು ಇದನ್ನು ಗಮನಿಸಿ, ಊಟಕ್ಕೆ ಇವರಲ್ಲಿಗೇ ಬರುವುದೆಂದು ತೀರ್ಮಾನಿಸಿದೆ.

ಆಗ ಕೊಳ್ಳೇಗಾಲ ಮದರಾಸು ಸರಕಾರಕ್ಕೆ ಸೇರಿತ್ತು, ಪಕ್ಕದ ಎಳಂದೂರು ಮೈಸೂರಿಗೆ. ನಾನು ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ, ಆರೋಗ್ಯ ಇಲಾಖೆಯ ತರಬೇತಿ ಮುಗಿಸಿ, ಕೊಳ್ಳೇಗಾಲದ ಆರೋಗ್ಯ ಕಚೇರಿಗೆ ಸೇರಿದೆ. ಹೆಂಗಸರು ಮಕ್ಕಳಿಗೆ ಸಿಡುಬು ಬಾರದಂತೆ ದೇವಿ ಹಾಕಿಸುವುದು ನನಗೆ ಕೊಟ್ಟ ಕೆಲಸ. ಇನ್ಸ್‌ಪೆಕ್ಟರ ಜಾಗವೊಂದು ಖಾಲಿ ಬಿದ್ದಿದ್ದರಿಂದ ಹೋಟೆಲುಗಳ ತಪಾಸಣೆಯೂ ನನ್ನ ಪಾಲಿಗೆ ಬಂತು. ಈಗ ಆ ಕೆಲಸದಲ್ಲಿಲ್ಲ. ನನ್ನ ವಯಸ್ಸಿನವಳು ನಿವೃತ್ತಿ ಎಂಬ ಮಾತನ್ನು ಆಡಿದರೆ ಕೇಳಿದವರು ನಗುತ್ತಾರೆ, ಆದರೆ ಆ ವೃತ್ತಿಗೆ ನಾನು ಮತ್ತೆ ಹೋಗುವವಳಲ್ಲವಾದ್ದರಿಂದ ನಿವೃತ್ತಿ ಎಂದೇ ಬರೆಯುತ್ತೇನೆ. ಯಾಕೆ ಬಿಟ್ಟೆ ಎಂಬುದು ನನ್ನ ಸ್ವಂತ ವಿಷಯ. ತರಬೇತಿಗೆ ಈಗ ಸೇರಿರುವ ಹುಡುಗಿಯರಿಗೆ ನಾಲ್ಕು ಮಾತು ಬರೆದು ಕೊಡಿ ಎಂದು ನಮ್ಮ ಹಳೆಯ ಉಪಾಧ್ಯಾಯಿನಿ ಕೇಳಿದ್ದಾರೆ. ಪಾಠದ ಪುಸ್ತಕದಲ್ಲಿ ಇರುವುದನ್ನು ಬಿಟ್ಟು ಉಳಿದದ್ದನ್ನು ಬರೆಯುತ್ತೇನೆ. ಅದರಲ್ಲಿ ಹೆಚ್ಚಿನದು ಹೆದರಿಕೆ.

ನನ್ನ ತಪಾಸಣೆಗೆ ಬಂದದ್ದು ಟೆಂಟಿನ ಬೀದಿ. ಒಂದು ತುದಿಯಲ್ಲಿ ಸಿನಿಮಾ ಟೆಂಟು, ಇನ್ನೊಂದು ತುದಿಯಲ್ಲಿ ನಾಟಕ ಕಂಪನಿಯವರು ಬಂದಾಗ ಹಾಕುವ ತಗಡಿನ ಥೇಟರು. ನಡುವೆ ಇದ್ದದ್ದೆಲ್ಲ ತಿನ್ನುವುದು, ಕುಡಿಯುವುದು. ರೇಷ್ಮೆ ಮಗ್ಗದವರು ಸಂಜೆ ಕೈ ತೊಳೆದು ನೇರ ಅಲ್ಲಿಗೆ ಬರುತ್ತಿದ್ದರು. ಹನೂರು, ಅಜ್ಜೀಪುರದ ಕಡೆಯವರು ಗಾಡಿ ಕಟ್ಟಿಕೊಂಡು ನಾಟಕಕ್ಕೆ ಬಂದು, ಎತ್ತುಗಳನ್ನು ಬಿಚ್ಚಿ, ಮೊದಲು ಹೋಟೆಲಿಗೆ ನುಗ್ಗುತ್ತಿದ್ದರು. ಗ್ಯಾಸ್‌ಲೈಟಿನ ಸುಯ್ ಸದ್ದು, ಟೆಂಟಿನ ಗ್ರಾಮಫೋನ್ ತಟ್ಟೆಯ ಹಾಡು, ಗೋಲಿಸೋಡಾ ಒಡೆಯುವ ಸದ್ದು ಒಟ್ಟಿಗೆ ಕೇಳುತ್ತಿದ್ದವು.

ಅಲ್ಲಿ ಎಲ್ಲಿ ತಿನ್ನಬಹುದು ಎಂದು ಕೇಳಿದರೆ ಈಗಲೂ ಹೇಳಬಲ್ಲೆ. ಥೇಟರಿನ ಎದುರಿನ ಮಿಲಿಟರಿ ಹೋಟೆಲಿನಷ್ಟು ಶುದ್ಧವಾದ ಜಾಗ ಬೀದಿಯಲ್ಲಿ ಇರಲಿಲ್ಲ; ಅವರಲ್ಲಿ ಎಲ್ಲವೂ ಒಲೆಯಿಂದ ಇಳಿದ ಬಿಸಿಯಲ್ಲೇ ಎಲೆಗೆ ಬರುತ್ತಿತ್ತು. ಆದರೆ ಹೆಂಗಸು ಅಲ್ಲಿ ಕೂರುವಂತಿರಲಿಲ್ಲ. ಮಸಾಲೆ ವಡೆಯನ್ನು ಎಣ್ಣೆಯಿಂದ ತೆಗೆದ ಕೂಡಲೆ ತಿನ್ನಬಹುದು, ಅದರ ಜೊತೆಗಿನ ಚಟ್ನಿಯನ್ನು ತಿನ್ನಬಾರದು. ಕಬ್ಬಿನ ಹಾಲನ್ನು ನಾನು ಒಮ್ಮೆಯೂ ಕುಡಿಯಲಿಲ್ಲ. ಒಂಟಿ ಹೆಂಗಸು ಕೂತು ಊಟ ಮಾಡಬಹುದಾಗಿದ್ದ ಜಾಗ ಒಂದೇ, ಮಲ್ಲಪ್ಪನವರ ಕಾಫಿ ಕ್ಲಬ್ಬು. ಅವರು ಲಿಂಗಾಯತರು, ಊರ ಸುತ್ತ ಜಮೀನಿದ್ದವರು. ಕ್ಲಬ್ಬಿನ ಹಿಂಭಾಗವೇ ಅವರ ಮನೆ. ನಡುವೆ ಒಂದು ಸಣ್ಣ ಕೋಣೆಗೆ ಹಸಿರು ಪರದೆ ಹಾಕಿ ಹೆಂಗಸರಿಗೆಂದು ಬಿಟ್ಟಿದ್ದರು. ಅಲ್ಲಿಗೆ ಮಾಣಿಗಳು ಬರುತ್ತಿರಲಿಲ್ಲ. ಮಲ್ಲಪ್ಪನವರ ಹೆಂಡತಿ ಗೌರಮ್ಮನೇ ಬಂದು ಬಡಿಸುವರು.

ನನ್ನ ಮೇಲಿನ ಅಧಿಕಾರಿ ಪೊನ್ನುಸಾಮಿ ಎಂಬ ಹಿರಿಯ ಇನ್ಸ್‌ಪೆಕ್ಟರು. ಕೊಯಮತ್ತೂರಿನ ಕಡೆಯವರು, ತಮಿಳು ಬೆರೆಸಿದ ಕನ್ನಡ. ನನಗೆ ಕೆಲಸ ಕಲಿಸಿದವರು ಅವರೇ. ಮೊದಲ ದಿನ ನಾನು ಒಂದು ಹೋಟೆಲಿನ ಅಡುಗೆಮನೆಗೆ ನೇರ ಹೊರಟಾಗ ಅವರು ಬಾಗಿಲಲ್ಲೇ ತಡೆದರು.

"ಅಡುಗೆಮನೆ ಆಮೇಲೆ ಪಾರ್ಕಲಾಂ ಅಮ್ಮಾ. ಅದನ್ನ ಅವನು ನಮಗೋಸ್ಕರ ಗುಡಿಸಿ ಇಟ್ಟಿರ್ತಾನೆ. ತಟ್ಟೆ ತೊಳೆಯೋ ತೊಟ್ಟಿ ನೋಡು. ಅದನ್ನ ಯಾರೂ ಗುಡಿಸೋದಿಲ್ಲ."

ಅದು ನಿಜವಾಗಿತ್ತು. ತೊಟ್ಟಿಯ ನೀರು ಬೆಳಗಿನಿಂದ ಸಂಜೆಗೆ ಸಾರಿನಂತೆ ಮಂದವಾಗುತ್ತಿತ್ತು. ಅದರಲ್ಲೇ ಅದ್ದಿ ತೆಗೆದ ಲೋಟದಲ್ಲಿ ಮುಂದಿನವರಿಗೆ ಕಾಫಿ. ಅದನ್ನು ಕಂಡ ಮೇಲೆ ಕೆಲವು ದಿನ ನನಗೆ ಏನೂ ಸೇರಲಿಲ್ಲ. ಪೊನ್ನುಸಾಮಿಯವರು ಅದಕ್ಕೂ ಒಂದು ಮಾತು ಹೇಳಿದರು: ಹೆದರಿಕೆ ಇರುವವರೆಗೆ ನೀನು ಒಳ್ಳೆಯ ಇನ್ಸ್‌ಪೆಕ್ಟರು, ಅದು ಹೋದ ದಿನ ರಜೆ ಬರೆದು ಕೊಡು.

ಕುಡಿಯುವುದರ ವಿಷಯ ಇನ್ನೂ ಕೆಟ್ಟದ್ದು. ಮದರಾಸು ಕಡೆ ಪಾನನಿರೋಧ ಬಂದ ಮೇಲೆ ಬೀದಿಯ ಹೆಂಡದಂಗಡಿಗೆ ಬೀಗ ಬಿತ್ತು. ಕುಡಿಯುವವರು ಕುಡಿಯುವುದನ್ನು ಬಿಡಲಿಲ್ಲ. ಔಷಧದ ಅಂಗಡಿಯ ಶುಂಠಿ ಟಿಂಕ್ಚರನ್ನು ಸೋಡಾದಲ್ಲಿ ಬೆರೆಸಿ ಕುಡಿದರು. ಅದೂ ಸಿಗದವರು ಬಡಗಿಗಳು ಮರಕ್ಕೆ ಬಳಿಯುವ ಪಾಲಿಶನ್ನು ಉಪ್ಪು ಹಾಕಿ ಒಡೆದು, ಮೇಲಿನ ತಿಳಿಯನ್ನು ಕುಡಿದರು. ಒಂದು ಸಂಜೆ ಟೆಂಟಿನ ಹಿಂದಿನ ಸೋಡಾ ಅಂಗಡಿಯನ್ನು ನೋಡಲು ನಾನೂ ಪೊನ್ನುಸಾಮಿಯವರೂ ಹೋಗಿದ್ದೆವು. ಟೆಂಟಿನೊಳಗೆ ಆಟ ನಡೆಯುತ್ತಿತ್ತು. ನೆಲದ ಕ್ಲಾಸಿನಿಂದ ಒಬ್ಬ ಎದ್ದು ನಿಂತು ಬಹಳ ಮರ್ಯಾದೆಯಿಂದ ಕೇಳಿದ, "ಪಿಚ್ಚರ್ ಯಾಕ್ ನಿಲ್ಸುದ್ರಿ ಸಾ?"

ಪಿಚ್ಚರು ನಿಂತಿರಲಿಲ್ಲ. ಪರದೆಯ ಬೆಳಕು ಅವನ ಮುಖದ ಮೇಲೇ ಆಡುತ್ತಿತ್ತು. ಸುತ್ತಲಿನವರು, "ಕೂತ್ಕಳ್ಲಾ, ಅಡ್ಡ ನಿಂತವ್ನೆ ನೋಡು" ಎಂದು ಬೈದು ನಕ್ಕರು. ಅವನು ಕೂರಲಿಲ್ಲ. ಕಣ್ಣನ್ನು ಅಗಲ ತೆರೆದುಕೊಂಡು, ಕೈಯನ್ನು ಮುಂದೆ ಚಾಚಿಕೊಂಡು, ಜನರ ತಲೆಗಳನ್ನು ತಡವುತ್ತ ಹೊರಗೆ ಬರಲು ನೋಡಿದ. ಪೊನ್ನುಸಾಮಿಯವರು ಅವನ ಬಾಯಿಯ ಹತ್ತಿರ ಮೂಗು ತಂದು, ಪಾಲಿಶು ಎಂದರು. ಅವನಿಗೆ ಆಮೇಲೆ ಕಣ್ಣು ಬರಲಿಲ್ಲ. ಅಂದಿನಿಂದ ಆ ಬೀದಿಯಲ್ಲಿ ಯಾರಾದರೂ ನಗುತ್ತ ಲೋಟ ಎತ್ತಿದರೆ ನನಗೆ ಮೊದಲು ಕಾಣುತ್ತಿದ್ದದ್ದು ಚಾಚಿದ ಆ ಕೈ.

ಇಷ್ಟು ಬರೆದ ಮೇಲೆ ಕಾಲರಾ ವಿಷಯಕ್ಕೆ ಬರುತ್ತೇನೆ.

ಮಲ್ಲಪ್ಪನವರ ಕಾಫಿಗೆ ಹೆಸರು ಬಂದದ್ದು ನೀರಿನಿಂದ. ಟೆಂಟಿನ ಬೀದಿಯ ಬಾವಿಯದು ಗಡಸು ನೀರು, ಕಾಫಿಗೆ ಒಗ್ಗುತ್ತಿರಲಿಲ್ಲ. ಅವರು ಗಡಿಯಾಚೆ, ಎಳಂದೂರಿನ ಕಡೆಯ ಸುವರ್ಣಾವತಿ ಹೊಳೆಯಿಂದ ಗಾಡಿಯಲ್ಲಿ ಪೀಪಾಯಿ ಕಟ್ಟಿ ಸಿಹಿನೀರು ತರಿಸುತ್ತಿದ್ದರು. ಗಾಡಿ ಹೊಡೆಯುತ್ತಿದ್ದವನು ಚಿಕ್ಕಬಸವ ಎಂಬಾತ. ಪೀಪಾಯಿಯ ಮೇಲೆ ಕ್ಲಬ್ಬಿನ ಹೆಸರನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದರು. ಗಡಿಯ ಚೌಕಿಯಲ್ಲಿ ಪೊಲೀಸರು ದಿನಾ ಆ ಗಾಡಿಯನ್ನು ನಿಲ್ಲಿಸಿ, ಪೀಪಾಯಿಯ ಬಾಯಿಗೆ ಮೂಗು ಇಟ್ಟು, ಸಾರಾಯಿಯ ವಾಸನೆ ಇಲ್ಲ ಎಂದು ಮುಂದೆ ಬಿಡುತ್ತಿದ್ದರು.

ಆ ವರ್ಷ ಬೇಸಿಗೆಯಲ್ಲಿ ರಾಮಾಪುರದ ಕಡೆ ಕಾಲರಾ ಕಾಣಿಸಿತು. ಹೋಟೆಲುಗಳಲ್ಲಿ ಔಷಧ ಹಾಕಿದ ಬಾವಿಯ ನೀರನ್ನಲ್ಲದೆ ಬೇರೆ ನೀರನ್ನು ಬಳಸಬಾರದೆಂದು ಕಚೇರಿಯಿಂದ ಹುಕುಂ ಆಯಿತು. ಮೊದಲು ಬಾವಿಗೆ ಕೆಂಪು ಔಷಧ ಹಾಕುತ್ತಿದ್ದರು, ಜನರಿಗೆ ಬಣ್ಣ ಕಂಡು ನಂಬಿಕೆ ಬರುತ್ತಿತ್ತು. ನನ್ನ ಕಾಲಕ್ಕೆ ಬ್ಲೀಚಿಂಗ್ ಪುಡಿ ಬಂದಿತ್ತು. ಅದಕ್ಕೆ ಬಣ್ಣವಿಲ್ಲ, ಬರಿಯ ವಾಸನೆ. ಜನ ಅದನ್ನು ಕಕ್ಕಸಿನ ನೀರು ಎಂದು ಕರೆದರು. ನೀರಿಗೆ ಪುಡಿ ಬಿದ್ದಿದೆಯೋ ಇಲ್ಲವೋ ನೋಡಲು ನಾನು ಚೀಲದಲ್ಲಿ ಒಂದು ಸಣ್ಣ ಸೀಸೆ ಇಟ್ಟುಕೊಂಡಿರುತ್ತಿದ್ದೆ. ಅದರ ಹನಿ ಬಿದ್ದಾಗ ನೀರು ನೀಲಿಗೆ ತಿರುಗಿದರೆ ಸರಿ.

ಮಲ್ಲಪ್ಪನವರು ಹುಕುಮಿಗೆ ಒಪ್ಪಿದರು. ಗಾಡಿ ನಿಲ್ಲಿಸಿದ್ದೇನೆ ಎಂದರು. ಅಂಗಳದ ತೊಟ್ಟಿಗೆ ಬಾವಿಯ ನೀರು ತುಂಬಿಸಿದರು. ನನ್ನ ಹನಿಗೆ ಅದು ನೀಲಿಯಾಯಿತು. ಒಳಮನೆಯ ಹರವಿಯನ್ನು ನಾನು ನೋಡಲಿಲ್ಲ. ಲಿಂಗಾಯತರ ಮನೆಯ ಕುಡಿಯುವ ನೀರಿನ ಹರವಿಯನ್ನು ಹೊರಗಿನವರು ಮುಟ್ಟುವ ರೂಢಿ ಇರಲಿಲ್ಲ. ಪೊನ್ನುಸಾಮಿಯವರೂ ಅದನ್ನು ಮೀರಿದವರಲ್ಲ. ಒಳಗಿನ ನೀರು ಬೇಕಾದರೆ ಗೌರಮ್ಮ ಎತ್ತರದಿಂದ ಸುರಿದು ಕೊಡುವರು, ಅಷ್ಟೆ. ನನಗೆ ಊಟಕ್ಕೆ ಅವರು ತಂದಿಡುತ್ತಿದ್ದ ನೀರಿಗೆ ಪುಡಿಯ ವಾಸನೆ ಇರಲಿಲ್ಲ. ಕೇಳಿದೆ. ಅವರು ನಗುತ್ತ ಹೇಳಿದರು:

"ನಿಮ್ಗೇಂತ ಕಾಯ್ಸಿ ಆರ್ಸಿಕ್ಕಿವ್ನಿ ಕಣವ್ವ. ಓದೋ ಮಗ, ಆ ಕಕ್ಕಸ್ ನೀರ ಯಂಗ್ ಕುಡ್ದೀರಿ?"

ಕಾಯಿಸಿದರೆ ಪುಡಿಯ ವಾಸನೆ ಹೋಗುತ್ತದೆ. ನನ್ನ ಓದು ಅದನ್ನೇ ಹೇಳುತ್ತಿತ್ತು. ಮನೆಯಿಂದ ದೂರ ಇದ್ದವಳಿಗೆ ಯಾರೋ ನೀರು ಕಾಯಿಸಿಟ್ಟಿದ್ದಾರೆ ಎಂಬುದೇ ಸಾಕಾಯಿತು. ಕುಡಿಯುತ್ತ ಬಂದೆ.

ನಾಟಕ ಕಂಪನಿ ಊರಿಗೆ ಬಂದದ್ದು ಆ ದಿನಗಳಲ್ಲೇ. ಜಿಲ್ಲೆಯ ಅಧಿಕಾರಿಗಳು ಆಟ ನಿಲ್ಲಿಸಲಿಲ್ಲ, ಕೊಳ್ಳೇಗಾಲದಲ್ಲಿ ಇನ್ನೂ ಒಂದೂ ಕೇಸು ಇರಲಿಲ್ಲ. ಪೊನ್ನುಸಾಮಿಯವರು ಸೂಜಿ ಹಾಕುವವರ ಜೊತೆ ರಾಮಾಪುರದಲ್ಲಿ ಬೀಡುಬಿಟ್ಟರು. ಬೀದಿಯ ಕಾವಲು ನನ್ನೊಬ್ಬಳಿಗೇ ಉಳಿಯಿತು. ಕ್ಲಬ್ಬನ್ನು ಮುಚ್ಚಿಸುವ ಅಧಿಕಾರ ನನಗಿರಲಿಲ್ಲ, ಅದಕ್ಕೆ ಅವರ ಸಹಿ ಬೇಕಿತ್ತು.

ಒಂದು ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಎಳಂದೂರಿಗೆ ಹೋದೆ. ನನ್ನ ಜೊತೆ ಓದಿದ ಸರೋಜ ಅಲ್ಲಿ ಶಾಲೆಯ ಉಪಾಧ್ಯಾಯಿನಿ. ಬಾಗಿಲು ತೆರೆದವಳೇ ಅವಳು ನನ್ನನ್ನು ಒಳಗೆ ಎಳೆದುಕೊಂಡು ಚಿಲಕ ಹಾಕಿದಳು. ಹೊಳೆಯ ದಂಡೆಯ ಕೇರಿಯಲ್ಲಿ ವಾಂತಿಭೇದಿ ಶುರುವಾಗಿ ವಾರವಾಯಿತಂತೆ, ತೀರಿಕೊಂಡವರನ್ನು ಬೆಳಕು ಹರಿಯುವ ಮೊದಲೇ ಮಣ್ಣು ಮಾಡುತ್ತಿದ್ದಾರಂತೆ. ಅವಳ ತರಗತಿಯ ಮೊದಲ ಸಾಲು ಖಾಲಿಯಾಗಿತ್ತು. ಇಲ್ಲಿನ ಆಸ್ಪತ್ರೆಗೆ ಗೊತ್ತಿಲ್ಲವೆ ಎಂದೆ. ಗೊತ್ತು, ಮೈಸೂರಿಗೆ ಬರೆದಿದ್ದಾರೆ ಎಂದಳು. ಮೈಸೂರಿಗೆ ಬರೆದದ್ದು ಬೆಂಗಳೂರಿಗೆ ಹೋಗಿ, ಅಲ್ಲಿಂದ ಮದರಾಸಿಗೆ, ಕೊಯಮತ್ತೂರಿಗೆ ಹೋಗಿ ನಮ್ಮ ಮೇಜಿಗೆ ಬರಬೇಕು. ನಡುವೆ ಇದ್ದದ್ದು ಎರಡು ಗಂಟೆಯ ಗಾಡಿದಾರಿ.

ಅವಳ ಮನೆಯಲ್ಲಿ ಊಟ ಮಾಡದೆ ಸಿಕ್ಕಿದ ಬಸ್ಸಿಗೆ ವಾಪಸು ಹೊರಟೆ. ಹೊಳೆಯ ಹತ್ತಿರ ಡ್ರೈವರು ಎಂಜಿನ್ನಿಗೆ ನೀರು ಹಾಕಲು ಬಸ್ಸು ನಿಲ್ಲಿಸಿದ. ಕಿಟಕಿಯಿಂದ ನೋಡಿದೆ. ಹೊಳೆ ಬತ್ತಿ ಮೊಣಕಾಲಿನಷ್ಟು ನೀರು ಹರಿಯುತ್ತಿತ್ತು. ಮೇಲುಗಡೆ ಹೆಂಗಸರು ಚಾಪೆಗಳನ್ನು ಕಲ್ಲಿಗೆ ಬಡಿದು ತೊಳೆಯುತ್ತಿದ್ದರು. ಹಬ್ಬ ಹತ್ತಿರವಿರಲಿಲ್ಲ, ಬರಿಯ ಚಾಪೆ, ದುಪ್ಪಟಿಗಳನ್ನು ಯಾಕೆ ತೊಳೆಯುತ್ತಿದ್ದಾರೆಂದು ಯಾರೂ ಹೇಳಬೇಕಾಗಿರಲಿಲ್ಲ. ಅವರಿಂದ ಒಂದಿಷ್ಟು ಕೆಳಗೆ ಒಂದು ಗಾಡಿ ನೀರಿಗೆ ಇಳಿದಿತ್ತು. ಚಿಕ್ಕಬಸವ ಸೊಂಟಕ್ಕೆ ಪಂಚೆ ಕಟ್ಟಿ ಕೊಡದಿಂದ ಮೊಗೆದು ಪೀಪಾಯಿಗೆ ಹಾಕುತ್ತಿದ್ದ. ಪೀಪಾಯಿಯ ಮೇಲಿನ ಬಿಳಿ ಅಕ್ಷರಗಳನ್ನು ನಾನು ಅಲ್ಲಿಂದಲೇ ಓದಿದೆ.

ಮೊದಲು ನನಗೆ ಹೊಳೆದದ್ದು ಬೀದಿಯಲ್ಲ, ನಾಟಕಕ್ಕೆ ಬರುವ ಜನವಲ್ಲ. ನಿನ್ನೆ ರಾತ್ರಿ ಊಟಕ್ಕೆ ನಾನು ಕುಡಿದ ನೀರು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತೆ. ಬಸ್ಸು ಅಲುಗಿದಾಗಲೆಲ್ಲ ಒಳಗೆ ಏನೋ ಅಲುಗಿದಂತೆ ಆಗುತ್ತಿತ್ತು. ಸೂಜಿ ಹಾಕಿಸಿಕೊಂಡಿದ್ದೇನೆ ಎಂದು ಹೇಳಿಕೊಂಡೆ. ಸೂಜಿ ಪೂರ್ತಿ ಕಾಯುವುದಿಲ್ಲವೆಂದು ತರಬೇತಿಯಲ್ಲಿ ಬರೆದುಕೊಂಡಿದ್ದೂ ನೆನಪಾಯಿತು.

ಕೊಳ್ಳೇಗಾಲದಲ್ಲಿ ಇಳಿದಾಗ ರಾಮಾಪುರದ ಕಡೆಯ ಬಸ್ಸು ಹೊರಟುಹೋಗಿತ್ತು. ಪೊನ್ನುಸಾಮಿಯವರಿಗೆ ಹೇಳಿ ಕಳಿಸಲು ಬೇರೆ ದಾರಿ ಇರಲಿಲ್ಲ. ಅಂದಿನ ನಾಟಕಕ್ಕೆ ಹಳ್ಳಿಯ ಗಾಡಿಗಳು ಆಗಲೇ ಬಂದು ನಿಂತಿದ್ದವು. ನೇರ ಕ್ಲಬ್ಬಿಗೆ ನಡೆದೆ.

ಮೇಜುಗಳೆಲ್ಲ ತುಂಬಿದ್ದವು. ರೂಢಿಯ ಗಿರಾಕಿಗಳು ಮಾಣಿಯನ್ನು ಕರೆದು, "ಒಳಗಿಂದು ತತ್ತಾ" ಎನ್ನುತ್ತಿದ್ದರು. ಆ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೆ, ಒಳಗಿನದು ಎಂದರೆ ಬಿಸಿ ತಿಂಡಿ ಎಂದುಕೊಂಡಿದ್ದೆ; ಅದು ಒಳಮನೆಯ ಹರವಿಯ ಹೊಳೆನೀರು. ಮಲ್ಲಪ್ಪನವರು ಹಣೆಗೆ ವಿಭೂತಿ ಇಟ್ಟುಕೊಂಡು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದರು. ಹತ್ತಿರ ಹೋಗಿ, ಬೇರೆಯವರಿಗೆ ಕೇಳಿಸದ ಹಾಗೆ, ಹೊಳೆಯಲ್ಲಿ ಕಂಡದ್ದನ್ನು ಹೇಳಿದೆ. ಒಳಗಿನ ಹರವಿ ಚೆಲ್ಲಿಸಿ, ಇಂದಿನ ಮಟ್ಟಿಗೆ ಮುಚ್ಚಿರಿ ಎಂದೆ. ಅವರು ಮೊದಲು ಗಾಡಿ ತನ್ನದಲ್ಲ ಎಂದರು. ಪೀಪಾಯಿಯ ಮೇಲಿನ ಹೆಸರು ಓದಿದ್ದೇನೆ ಎಂದಾಗ, ಹರಿಯುವ ನೀರಿಗೆ ದೋಷವಿಲ್ಲ ಎಂದರು. ನಾನು ಒಪ್ಪಲಿಲ್ಲ. ಅವರ ಸ್ವರ ಏರಿತು. ಜನ ತಿರುಗಿ ನೋಡಿದರು. ಆಗ ಅವರು ನಗುತ್ತ ಎದ್ದು, ಮಾಣಿಯ ಕೈಯಿಂದ ಒಂದು ಲೋಟ ತೆಗೆದುಕೊಂಡು ನನ್ನ ಮುಂದೆ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟರು.

"ನೋಡ್ರಪ್ಪಾ, ಯೆಲ್ತ್ ಆಪೀಸಿನವ್ವ. ಬಂದಾಗ್ಲಿಂದ ನಮ್ ಮನೆ ನೀರೇ ಕುಡ್ದು ಗುಂಡ್ಕಲ್ಲಂಗವ್ರೆ. ಬಿಸ್ಲಲ್ ಬಂದವ್ರೆ ಪಾಪ. ಕುಡೀರವ್ವ, ಆಮ್ಯಾಲ್ ಮಾತಾಡವ."

ಕೆಲವರು ನಕ್ಕರು. ನೀರು ತಿಳಿಯಾಗಿತ್ತು. ನನಗೆ ನಿಜವಾಗಿಯೂ ಬಾಯಾರಿತ್ತು, ಬೆಳಗಿನಿಂದ ಏನೂ ಕುಡಿದಿರಲಿಲ್ಲ. ಕೊಟ್ಟ ನೀರನ್ನು ಆ ಸೀಮೆಯಲ್ಲಿ ಯಾರೂ ಬೇಡ ಎನ್ನುವುದಿಲ್ಲ; ಬೇಡವಾದರೂ ತುಟಿಗೆ ಸೋಕಿಸಿ ಇಡುತ್ತಾರೆ. ಸೋಕಿಸದೆ ಇಟ್ಟರೆ ಆ ಮನೆಯ ಸಂಬಂಧ ಕಡಿದ ಹಾಗೆ. ಅದನ್ನು ಅಲ್ಲಿದ್ದ ಎಲ್ಲರೂ ಬಲ್ಲರು, ನಾನೂ ಅಷ್ಟು ದಿನಗಳಲ್ಲಿ ಕಲಿತಿದ್ದೆ. ನನಗೆ ಸಭೆಯಲ್ಲಿ ಮಾತಾಡಲು ಬರುವುದಿಲ್ಲ. ಹುಕುಮಿನ ಕಾಗದವೂ ಕೈಯಲ್ಲಿರಲಿಲ್ಲ. ಲೋಟವನ್ನು ನೋಡುತ್ತ ನಿಂತೆ. ಮುಟ್ಟಲಿಲ್ಲ.

ನಗು ನಿಂತಿತು. ಹತ್ತಿರದ ಮೇಜಿನ ಮುದುಕ ತನ್ನ ಲೋಟವನ್ನು ತುಟಿಯಿಂದ ಇಳಿಸಿ, ನನ್ನ ಮುಖ ನೋಡಿ, ಅದನ್ನು ಮೇಜಿನ ಮೇಲಿಟ್ಟು ದೂರ ತಳ್ಳಿದ. "ದಿನಾ ಉಣ್ಣೋ ಅವ್ವನೇ ಮುಟ್ನಿಲ್ಲ ಅಂದ್ಮ್ಯಾಲೆ" ಎಂದಷ್ಟೇ ಹೇಳಿ ಹೆಗಲ ವಸ್ತ್ರ ಕೊಡವಿಕೊಂಡು ಎದ್ದ. ಅವನ ಹಿಂದೆ ಇನ್ನೊಬ್ಬರು ಎದ್ದರು. ಬೆಂಚುಗಳು ನೆಲಕ್ಕೆ ಉಜ್ಜುವ ಸದ್ದು ಸಾಲಾಗಿ ಕೇಳಿತು. ತಟ್ಟೆಯಲ್ಲಿ ದೋಸೆ ಅರ್ಧಕ್ಕೇ ಉಳಿಯಿತು.

ಮಲ್ಲಪ್ಪನವರ ಮುಖ ಕಪ್ಪಿಟ್ಟಿತು. ಅವರು ನನಗೆ ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಪರದೆಯ ಹಿಂದಿನಿಂದ ಸದ್ದು ಬಂತು. ಕ್ಲಬ್ಬು ಖಾಲಿಯಾಗಿರದಿದ್ದರೆ ಕೇಳಿಸುತ್ತಿರಲಿಲ್ಲ. ಯಾರೋ ವಾಂತಿ ಮಾಡಿಕೊಳ್ಳುತ್ತಿದ್ದರು, ಓಕರಿಕೆಯ ಶ್ರಮವಿಲ್ಲದೆ, ಬಿಂದಿಗೆ ಬಗ್ಗಿಸಿದಂತೆ. ಆ ಸದ್ದನ್ನು ತರಬೇತಿಯಲ್ಲಿ ವರ್ಣಿಸಿದ್ದರು. ಗೌರಮ್ಮ ಅಂದು ಹೊರಗೆ ಕಾಣಿಸಿಕೊಂಡಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಗೌರಮ್ಮ ಎಲ್ಲಿ ಎಂದೆ. ಪಿತ್ತ, ಮಲಗಿದ್ದಾಳೆ ಎಂದರು. ನಾನು ಪರದೆ ಸರಿಸಿ ಹೆಂಗಸರ ಕೋಣೆ ದಾಟಿ, ಅವರು ಅಡ್ಡ ಬರುವ ಮೊದಲೇ ಒಳಮನೆಗೆ ಹೋದೆ. ಗೌರಮ್ಮ ಬರಿಯ ನೆಲದ ಮೇಲೆ ಇದ್ದರು. ಬೆಳಗಿನಿಂದ ಸಂಜೆಯೊಳಗೆ ಆ ಮುಖದಿಂದ ಯಾರೋ ಮಾಂಸ ತೆಗೆದುಬಿಟ್ಟಿದ್ದರು. ಕಣ್ಣು ಗುಳಿಯೊಳಗೆ ಇಳಿದಿತ್ತು. ಲೋಟದ ಬುಡ ಹಿಡಿಯುತ್ತಿದ್ದ ಬೆರಳುಗಳು ದಿನವಿಡೀ ನೀರಲ್ಲಿ ನೆನೆದಂತೆ ಸುಕ್ಕಾಗಿದ್ದವು. ಪಕ್ಕದ ಬೋಗುಣಿಯಲ್ಲಿ ಅಕ್ಕಿ ತೊಳೆದ ನೀರಿನಂಥದ್ದು. ಮುಂಗೈಯ ಚರ್ಮವನ್ನು ಚಿವುಟಿ ಬಿಟ್ಟೆ. ಅದು ಏಣಿನಂತೆ ಹಾಗೆಯೇ ನಿಂತಿತು.

ಆಸ್ಪತ್ರೆಯ ಶೆಡ್ಡಿಗೆ ಸಾಗಿಸಬೇಕು, ನರದೊಳಗೆ ಉಪ್ಪುನೀರು ಏರಿಸಿದರೆ ಉಳಿಯುತ್ತಾರೆ, ತಡ ಮಾಡಿದರೆ ಇಲ್ಲ ಎಂದೆ. ಮಲ್ಲಪ್ಪನವರು ಬಾಗಿಲಿಗೆ ಎರಡೂ ಕೈ ಅಡ್ಡ ಇಟ್ಟರು. ಕಾಲರಾ ಶೆಡ್ಡು ಊರ ಹೊರಗೆ, ಕೆರೆಯ ಹಿಂದೆ ಇತ್ತು. ಅಲ್ಲಿಗೆ ಹೋದವರನ್ನು ಮನೆಯವರಿಗೆ ತೋರಿಸುತ್ತಿರಲಿಲ್ಲ. ಸತ್ತರೆ ಹೆಣವನ್ನೂ ಕೊಡುತ್ತಿರಲಿಲ್ಲ. ಅದಕ್ಕೆ ಹೆದರಿಯೇ ಜನ ರೋಗವನ್ನು ಒಳಗಿಟ್ಟುಕೊಂಡು ಸಾಯುತ್ತಿದ್ದರು. ಮಲ್ಲಪ್ಪನವರು ಬೆಳಗಿನಿಂದ ಅದನ್ನೇ ಮಾಡಿದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಗುತ್ತಿದ್ದ ಮನುಷ್ಯ ಈಗ ಅಳುತ್ತಿದ್ದರು.

"ಶೆಡ್ಡಿಗ್ ಓದೋರು ಯಾರವ್ವ ತಿರೀಕ್ ಬಂದವ್ರೆ? ಸತ್ರೆ ಇಲ್ಲೇ ಸಾಯ್ಲಿ, ನನ್ ಕಣ್ ಮುಂದೆ. ಇಬೂತಿ ಇಟ್ಟು ಮಣ್ ಮಾಡ್ತೀನಿ. ಅಲ್ಲಿ ಒಬ್ಳೇ ಬುಟ್ಟು ಬರಕಿಲ್ಲ."

ಗೌರಮ್ಮನಿಗೆ ಸ್ವರ ಇರಲಿಲ್ಲ. ತುಟಿಯ ಅಲುಗಾಟದಲ್ಲೇ, ಬ್ಯಾಡ, ಎಂದರು. ಅವರ ಕಣ್ಣಿನಲ್ಲಿ ಇದ್ದದ್ದು ರೋಗದ ಭಯವಲ್ಲ, ಶೆಡ್ಡಿನ ಭಯ. ಆ ಶೆಡ್ಡಿನ ಒಳಗೆ ನಾನೂ ಅದುವರೆಗೆ ಕಾಲಿಟ್ಟಿರಲಿಲ್ಲ.

"ಒಬ್ಬರೇ ಇರುವುದಿಲ್ಲ" ಎಂದೆ. "ನಾನು ಜೊತೆಯಲ್ಲೇ ಇರುತ್ತೇನೆ."

"ನಿಮ್ಗೂ ಬಂದ್ರೆ?"

"ಬಂದರೆ ಪಕ್ಕದ ಮಂಚದಲ್ಲಿ ಮಲಗುತ್ತೇನೆ. ನಾನೂ ಅದೇ ಹರವಿಯ ನೀರು ಕುಡಿದಿದ್ದೇನೆ, ಮಲ್ಲಪ್ಪನವರೆ."

ಅವರು ನನ್ನನ್ನು ನೋಡಿದರು. ಆ ಮಾತನ್ನು ಬೆದರಿಸಲು ಆಡಿದ್ದಲ್ಲ, ಅದು ಇದ್ದ ಸಂಗತಿ. ಅವರಿಗೂ ಹಾಗೆಯೇ ಕೇಳಿಸಿರಬೇಕು. ಬಾಗಿಲಿಗೆ ಅಡ್ಡವಾಗಿದ್ದ ಕೈ ಒಂದೊಂದಾಗಿ ಇಳಿಯಿತು.

ಜಟಕಾದವನು ರೋಗಿಯನ್ನು ಕಂಡು ಕುದುರೆ ತಿರುಗಿಸಲು ನೋಡಿದ. ನಾನು ಮೊದಲು ಹತ್ತಿ ಕೂತೆ. ಮಲ್ಲಪ್ಪನವರು ಹೆಂಡತಿಯನ್ನು ಮಗುವಿನಂತೆ ಎತ್ತಿ ತಂದು ನನ್ನ ಮಡಿಲಿಗೆ ತಲೆ ಬರುವಂತೆ ಮಲಗಿಸಿದರು. ಬೀದಿಯ ಜನ ಎರಡು ಪಕ್ಕಕ್ಕೂ ಸರಿದು, ಬಾಯಿಗೆ ಬಟ್ಟೆ ಹಿಡಿದು ನಿಂತರು. ಥೇಟರಿನಲ್ಲಿ ಹಾರ್ಮೋನಿಯಂ ಶ್ರುತಿ ಮಾಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಶೆಡ್ಡಿನ ರಾತ್ರಿಯನ್ನು ನಾನು ಬರೆಯುವುದಿಲ್ಲ. ಡಾಕ್ಟರು ಬಂದರು, ನರ ಸಿಗದೆ ಪಾದದ ಹತ್ತಿರ ಕೊಯ್ದು ಸೂಜಿ ಹಾಕಿದರು, ಸೀಸೆಯ ಮೇಲೆ ಸೀಸೆ ಉಪ್ಪುನೀರು ಹೋಯಿತು. ನನ್ನ ಹೊಟ್ಟೆಯೊಳಗಿನ ಪ್ರತಿ ಸದ್ದನ್ನೂ ನಾನು ಕೇಳಿಸಿಕೊಂಡೆ. ಪ್ರತಿ ಸಲವೂ ಇದೇ ಎಂದುಕೊಂಡೆ.

ಆಮೇಲಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೆ ಬರಲಿಲ್ಲ. ಬೀದಿಯಲ್ಲಿ ಬಂತು. ಆ ವಾರ ಶೆಡ್ಡಿನ ಮಂಚಗಳು ತುಂಬಿದವು, ಎಲ್ಲರೂ ಉಳಿಯಲಿಲ್ಲ. ಆದರೆ ಜನ ರೋಗವನ್ನು ಅಡಗಿಸಿಡಲಿಲ್ಲ. ಮಲ್ಲಪ್ಪನವರ ಹೆಂಡತಿಯೇ ಹೋಗಿದ್ದಾಳೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ತಾವಾಗಿ ಬಂದರು. ನಾಟಕ ಕಂಪನಿ ಡೇರೆ ಕಿತ್ತಿತು. ಪೊನ್ನುಸಾಮಿಯವರು ಬಂದು ಎಲ್ಲ ಕೇಳಿ, ಒಳಮನೆಯ ಹರವಿಗಳನ್ನೂ ಇನ್ನು ಮುಂದೆ ನೋಡುವುದು ಎಂದು ಹೇಳಿ, ಮೊದಲ ಹರವಿಯನ್ನು ನನ್ನಿಂದಲೇ ಮುಟ್ಟಿಸಿದರು. ಅದಕ್ಕೆ ಬೈಸಿಕೊಂಡದ್ದು ಬಹಳ. ನೀವೂ ಬೈಸಿಕೊಳ್ಳುತ್ತೀರಿ, ಹರವಿಯನ್ನು ಮಾತ್ರ ಮುಟ್ಟಿ ನೋಡಿರಿ.

ಮರುದಿನ ಬೆಳಿಗ್ಗೆ ಗೌರಮ್ಮನ ಮುಂಗೈ ಚಿವುಟಿದಾಗ ಚರ್ಮ ಮೆಲ್ಲಗೆ ತನ್ನ ಜಾಗಕ್ಕೆ ಹೋಯಿತು. ಮೂತ್ರವೂ ಆಯಿತು. ಡಾಕ್ಟರು ನೆಟ್ಟಗೆ ನಿಂತು ಬೆನ್ನು ಹಿಡಿದುಕೊಂಡು, ಇನ್ನು ಪರವಾಗಿಲ್ಲ ಎಂದರು. ಗೌರಮ್ಮ ಕಣ್ಣು ತೆರೆದು ನನ್ನನ್ನು ಹುಡುಕಿದರು.

"ಕಾಯ್ಸಿರ್ನಿಲ್ಲ ಕಣವ್ವ" ಎಂದರು. "ಸೌದೆ ಉಳೀಲಿ ಅಂತಲ್ಲ. ಕಾಯ್ಸುದ್ರೆ ನೀರಿನ ರುಚಿ ಓಗ್ಬುಡ್ತದೆ. ನಿಮ್ಗೆ ಒಳ್ಳೇದು ಕೊಡವ ಅಂತ."

ಗೊತ್ತು ಎಂದೆ. ಶೆಡ್ಡಿನ ಹಿಂದೆ ಒಲೆ ಹೂಡಿ ಕಾಯಿಸಿದ ನೀರನ್ನು ಚಮಚದಲ್ಲಿ ಅವರ ಬಾಯಿಗೆ ಹಾಕಿದೆ. ಅವರು ಮುಖ ಕಿವುಚಿಕೊಂಡು ನುಂಗಿದರು. ಬೇಲಿಯ ಹೊರಗೆ ಮಲ್ಲಪ್ಪನವರು ರಾತ್ರಿಯೆಲ್ಲ ಕೂತೇ ಇದ್ದರು. ಹೋಗಿ, ಬದುಕಿದ್ದಾರೆ ಎಂದೆ. ಅವರು ತಲೆಯಾಡಿಸಿದರು. ಆಮೇಲೆ, ಚಿಕ್ಕಬಸವನಿಗೆ ಯಾರೂ ಹೇಳಿಲ್ಲ, ನಿನ್ನೆ ಪೀಪಾಯಿ ತುಂಬಿಕೊಂಡು ರಾತ್ರಿ ಗಡಿಯಾಚೆ ತಂಗಿದ ಗಾಡಿ ಈಗ ಚೌಕಿಯ ಹತ್ತಿರ ಬರುತ್ತಿರುತ್ತದೆ ಎಂದರು.

ಕಚೇರಿಯ ಬೀಗ ತೆಗೆದು ಪುಡಿಯ ಡಬ್ಬಿ ಎತ್ತಿಕೊಂಡು ಎಳಂದೂರಿನ ರಸ್ತೆಯಲ್ಲಿ ನಡೆದೆ. ಚೌಕಿಯ ಹತ್ತಿರ ಗಾಡಿ ನಿಂತಿತ್ತು. ಪೊಲೀಸಿನವನು ಪೀಪಾಯಿಯನ್ನು ಮೂಸಿ ನೋಡಿ, ಹೋಗಲಾ ಎಂದು ಬಿಟ್ಟಿದ್ದ. ನಾನು ಎತ್ತುಗಳ ಮುಂದೆ ನಿಂತೆ. ಚಿಕ್ಕಬಸವ, ಯಜಮಾನರು ಹೇಳದೆ ನೀರು ಚೆಲ್ಲಲಾರೆ ಎಂದ. ಅವನ ಜೊತೆ ವಾದಿಸದೆ ಗಾಡಿಯ ಹಿಂದಕ್ಕೆ ಹೋಗಿ ಪೀಪಾಯಿಯ ಬಿರಡೆಯನ್ನು ಕಲ್ಲಿನಿಂದ ಬಡಿದು ಕಿತ್ತೆ. ನೀರು ಧೂಳಿಗೆ ಬಿತ್ತು. ಅದು ಪೂರ್ತಿ ಹರಿದುಹೋಗುವವರೆಗೆ ಎತ್ತುಗಳು ಬಾಯಿ ಹಾಕದಂತೆ ಮೂಗುದಾರ ಹಿಡಿದುಕೊಂಡು ನಿಂತೆ.

ಪೀಪಾಯಿಗೆ ಪುಡಿ ಸುರಿದ ಮೇಲೆ ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಗಾಡಿಯನ್ನು ಹೊಳೆಯ ಕಡೆಗೆ ತಿರುಗಿಸು ಎಂದೆ. ಅದು ಮೈಸೂರು ಸೀಮೆ, ಅಲ್ಲಿ ನಿಮ್ಮದು ನಡೆಯುವುದಿಲ್ಲ ಎಂದು ಪೊಲೀಸಿನವನು ನೆನಪಿಸಿದ. ಗೊತ್ತಿದೆ ಎಂದೆ. ಖಾಲಿ ಪೀಪಾಯಿಯ ಪಕ್ಕದಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತು, ಗಡಿಯ ಕಲ್ಲು ದಾಟಿ, ಚಾಪೆ ತೊಳೆಯುತ್ತಿದ್ದ ಆ ಕೇರಿಗೆ ಹೋದೆ. ಮೊದಲನೆಯ ಮನೆಯ ಬಾಗಿಲು ಮುಚ್ಚಿತ್ತು. ತಟ್ಟಿದೆ.